ಹುಳು ಮನೆಯ ಒಲೆ

ಲಕ್ಷ್ಮಿದೇವಮ್ಮ ತಮ್ಮ ರೇಷ್ಮೆ ಹುಳು ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದ ಸುದ್ದಿಯನ್ನು ರೂಪ ಕೇಳಿದ್ದು ಹಾಲಿನ ಡೈರಿ ಮುಂದೆ, ಬೆಳಿಗ್ಗೆ ಆರೂವರೆಗೆ. ಮಂಡಿಕಲ್ಲಿನಿಂದ ಎರಡು ಮೈಲಿ ಆಚೆಗಿನ ಊರು. ಜನವರಿಯ ಚಳಿಗೆ ಹೆಂಗಸರು ಸೆರಗನ್ನು ತಲೆಗೆ ಸುತ್ತಿಕೊಂಡು ಹಾಲಿನ ಕ್ಯಾನು ಹಿಡಿದು ನಿಂತಿದ್ದರು.

"ನಿನ್ನೆ ಸಾಯಂಕಾಲ ಸೊಪ್ಪು ಹಾಕಕ್ಕೆ ಒಳಗೆ ಹೋದೋಳು ಎಷ್ಟೊತ್ತಾದ್ರೂ ಬರಲಿಲ್ವಂತೆ. ಗಂಡ ಆವುಲಪ್ಪ ಹೋಗಿ ನೋಡಿದ್ರೆ ಹುಳದ ತಟ್ಟೆ ಪಕ್ಕದಲ್ಲಿ ಕವುಚಿ ಬಿದ್ದವ್ಳೆ. ಚಿಕ್ಕಬಳ್ಳಾಪುರಕ್ಕೆ ಹೊತ್ಕೊಂಡು ಹೋದ್ರು."

"ಬೀಪಿ ಇರ್ಬೇಕು."

"ಬೀಪಿನೂ ಇಲ್ಲ ಗೀಪಿನೂ ಇಲ್ಲ. ಹುಳಕ್ಕೆ ಉದುರಿಸೋ ಸುಣ್ಣದ ಪುಡಿ ವಾಸನೆ ತಲೆಗೆ ಏರಿರ್ತದೆ."

"ದೃಷ್ಟಿ ಕಣೇ ಅದು. ಈ ಸಲ ಅವರ ಹುಳ ನೋಡಿದೀಯಾ? ಒಂದೊಂದೂ ಬೆರಳ್ ದಪ್ಪ ಅವೆ."

ರೂಪ ಕೇಳಿದಳು: "ಒಲೆ ಒಳಗಿತ್ತಾ?"

"ಇರದೆ ಏನು? ನೀನು ಕೊಟ್ಟ ಒಲೆ ಇದ್ದಿದ್ದಕ್ಕೆ ಹುಳ ಉಳ್ಕೊಂಡ್ವು ಕಣಮ್ಮ. ಈ ಚಳಿಗೆ ಅರ್ಧ ತಟ್ಟೆ ತಿಪ್ಪೆಗೆ ಹಾಕ್ಬೇಕಾಗಿತ್ತು."

ರೂಪ ಹಾಲು ಹಾಕಿ, ಚೀಟಿ ತೆಗೆದುಕೊಳ್ಳುವುದನ್ನು ಮರೆತು ಮನೆಗೆ ಬಂದಳು.

ಆ ಒಲೆ ನೋಡಲು ಸಣ್ಣ ಸ್ಟೀಲ್ ಬಕೆಟ್ಟಿನ ಹಾಗಿತ್ತು. ಕಡಲೆಕಾಯಿ ಸಿಪ್ಪೆ, ಕಬ್ಬಿನ ಒಣಗರಿ ಒತ್ತಿ ಮಾಡಿದ ಗಟ್ಟಿ ತುಂಡುಗಳನ್ನು ಅದರ ಹೊಟ್ಟೆಗೆ ತುಂಬಬೇಕು. ಕಂಪನಿಯವರು ಪೆಲೆಟ್ ಅನ್ನುತ್ತಿದ್ದರು, ಊರಿನವರು ಉಂಡೆ ಅನ್ನುತ್ತಿದ್ದರು. ಡೈರಿಯಲ್ಲಿ ಕೊಡುವ ಹಸುವಿನ ಫೀಡು ಹೇಗಿರುತ್ತದೋ ಹಾಗೇ ಇದ್ದವು; ಊರಿನ ಕೋನಪ್ಪ ಒಂದು ಹಿಡಿ ಒಯ್ದು ಹಸುವಿನ ಮುಂದೆ ಹಿಡಿದು, ಅದು ಮೂಸಿ ಮುಖ ತಿರುಗಿಸಿದ್ದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದ. ಒಲೆಯ ತಳದಲ್ಲಿ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು. ಅದು ಸರಿಯಾಗಿ ಊದಿದರೆ ಗ್ಯಾಸ್ ಒಲೆಯ ಹಾಗೆ ಉರಿ ಬರುತ್ತದೆ, ಹೊಗೆ ಇಲ್ಲ. ದಿನಾ ಬೂದಿ ತೆಗೆಯಬೇಕು, ಬ್ಯಾಟರಿ ಚಾರ್ಜು ಮಾಡಬೇಕು. ಗಾಳಿಯ ತೂತುಗಳು ಕಟ್ಟಿಕೊಂಡರೆ, ಇಲ್ಲವೇ ಕರೆಂಟಿಲ್ಲದೆ ಬ್ಯಾಟರಿ ಇಳಿದರೆ, ಉರಿ ಸತ್ತು ಕೆಂಡ ಮಾತ್ರ ಗಂಟೆಗಟ್ಟಲೆ ಕೂತಿರುತ್ತದೆ.

ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಬಂದ ರೂಪಳನ್ನು ಕಂಪನಿ ಆ ಸುತ್ತಿನ ಏಜೆಂಟಾಗಿ ಮಾಡಿಕೊಂಡಿತ್ತು. ಒಲೆ ಮಾರುವುದು, ಉಂಡೆ ಚೀಲ ತಲುಪಿಸುವುದು, ಎರಡು ತಿಂಗಳಿಗೊಮ್ಮೆ ಒಲೆ ಬಿಚ್ಚಿ ಫ್ಯಾನು ಒರೆಸಿ ಕಾರ್ಡಿನಲ್ಲಿ ಸಹಿ ಹಾಕುವುದು ಅವಳ ಕೆಲಸ. ಮಳೆಗಾಲವಿಡೀ ಅವಳು ಮಾರಿದ್ದು ಮೂರೇ ಮೂರು.

ನವೆಂಬರಿನಲ್ಲಿ ಲಕ್ಷ್ಮಿದೇವಮ್ಮ ಒಂದು ಮಾತು ಕೇಳಿದ್ದರು. ರೂಪ ಅವರನ್ನು ಊರ ವರಸೆಯಲ್ಲಿ ಅತ್ತೆ ಅನ್ನುತ್ತಿದ್ದಳು.

"ಹೊಗೆ ಬರಲ್ಲ ಅಂತೀಯಲ್ಲ, ಇದನ್ನ ಹುಳು ಮನೇಲಿ ಇಟ್ಕೊಬೋದೇನಮ್ಮ?"

ರೇಷ್ಮೆ ಹುಳುವಿಗೆ ಚಳಿ ಆಗದು, ಹೊಗೆಯೂ ಆಗದು. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಹುಳ ಸಾಯುತ್ತವೆ. ಹೊಗೆಯಿಲ್ಲದ ಬೆಂಕಿ ಅಂದರೆ ಹುಳು ಸಾಕುವವರಿಗೆ ವರ ಕೊಟ್ಟ ಹಾಗೆ. ರೂಪ ಇಷ್ಟು ದಿನ ಅಡುಗೆಮನೆಗೆಂದು ಮಾರಲು ಒದ್ದಾಡುತ್ತಿದ್ದ ವಸ್ತು ಆ ಒಂದು ಪ್ರಶ್ನೆಯಿಂದ ಬೇರೆಯೇ ಆಯಿತು.

"ಧಾರಾಳವಾಗಿ ಇಟ್ಕೊಳಿ ಅತ್ತೆ."

"ಕಿಟಕಿ?"

"ಹೊಗೆನೇ ಇಲ್ಲ ಅಂದ್ಮೇಲೆ ಕಿಟಕಿ ಯಾಕೆ? ಮುಚ್ಚಿದ್ರೆ ಕಾವು ನಿಲ್ಲುತ್ತೆ."

ಇದನ್ನು ಅವಳು ಹೇಳಿದ್ದು ಹುಳು ಮನೆಯ ಹೊಸಿಲಿನ ಹೊರಗೆ ನಿಂತು. ಹೊರಗಿನವರನ್ನು ಹುಳು ಮನೆಗೆ ಬಿಡುವ ಪದ್ಧತಿ ಇಲ್ಲ. ರೋಗ ತರುತ್ತಾರೆ, ಕಣ್ಣು ಹಾಕುತ್ತಾರೆ. ಆ ಕೋಣೆ ಎಷ್ಟು ದೊಡ್ಡದು, ಗಾಳಿ ಎಲ್ಲಿಂದ ಬರುತ್ತದೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿರಬೇಕಾದ ಇನ್ನೊಂದು ಗೊತ್ತಿತ್ತು. ಚಿಂತಾಮಣಿಯಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ, ಊಟಕ್ಕೆ ಐದು ನಿಮಿಷ ಇರುವಾಗ, ಹೇಳಿಕೊಡುವವನು ಹೇಳಿದ್ದ: ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು, ಹೊಗೆ ಕಾಣದಿದ್ದರೂ ಕೆಂಡದಿಂದ ವಿಷದ ಗಾಳಿ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಳಿದವರು ಊಟದ ತಟ್ಟೆ ಹುಡುಕುತ್ತಿದ್ದಾಗ ರೂಪ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ಪರೀಕ್ಷೆಗೆ ಓದುವವರ ಅಭ್ಯಾಸ.

ಆಮೇಲಿನ ಒಂದು ತಿಂಗಳಲ್ಲಿ ಲಕ್ಷ್ಮಿದೇವಮ್ಮನದೂ ಸೇರಿ ಹನ್ನೊಂದು ಒಲೆ ಹೋದವು. ಹನ್ನೊಂದೂ ಹುಳು ಮನೆಗೆ. ಹನ್ನೊಂದು ಹೊಸಿಲ ಮೇಲೂ ಅದೇ ಮಾತು.

ಹೋದ ವಾರ ಲಕ್ಷ್ಮಿದೇವಮ್ಮನ ಒಲೆ ಬಿಚ್ಚುವ ಸರದಿ ಇತ್ತು. "ಹುಳ ಮೂರನೇ ಜ್ವರ ಎದ್ದವೆ, ಈಗ ಒಲೆ ಆಚೆ ತರಕ್ಕಾಗಲ್ಲ, ನೀನು ಒಳಗೆ ಬರಂಗಿಲ್ಲ. ಸೈನ್ ಹಾಕ್ಬಿಡು ಹೋಗಮ್ಮ," ಅಂದಿದ್ದರು. ಹುಳು ಪೊರೆ ಬಿಡುವ ಹಂತಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ರೂಪ ಜಗಲಿಯ ಮೇಲೆ ಕೂತು, ಒಲೆಯನ್ನು ಕಣ್ಣಲ್ಲೂ ನೋಡದೆ, 'ಫ್ಯಾನ್ ಸ್ವಚ್ಛ, ಬ್ಯಾಟರಿ ಸರಿ' ಎಂದು ಬರೆದು ಸಹಿ ಹಾಕಿದ್ದಳು. ಕಾಫಿಯನ್ನೂ ಕುಡಿದು ಬಂದಿದ್ದಳು.

ಎಂಟು ಗಂಟೆಗೆ ಅವಳು ಕಂಪನಿಯ ತಾಲ್ಲೂಕು ಮೇಲ್ವಿಚಾರಕ ಅಂಬರೀಶನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

"ಊರಲ್ಲಿ ಏನಂತಾರೆ?" ಅವನು ಕೇಳಿದ.

"ಬೀಪಿ ಅಂತಾರೆ ಸಾರ್."

"ಬೀಪಿ ಅಂತಾನೇ ಇರ್ಲಿ ಬಿಡಿ."

"ಒಳಗೆ ಇಟ್ಕೊಳಿ, ಕಿಟಕಿ ಮುಚ್ಚಿ ಅಂತ ಹೇಳಿದ್ದು ನಾನೇ ಸಾರ್."

"ಎಲ್ಲಾದ್ರೂ ಬರ್ದು ಕೊಟ್ಟಿದೀರಾ? ಇಲ್ಲ ತಾನೇ. ಆದ್ರೆ ಕಾರ್ಡಲ್ಲಿ ನಿಮ್ಮ ಸೈನ್ ಇದೆ. ಬಾಯಿ ಬಿಟ್ರೆ ಕಂಪನಿಗೆ ಏನೂ ಆಗಲ್ಲ ರೂಪ, ನಿಮಗಾಗುತ್ತೆ. ಹೋಗಿ ಮಾತಾಡಿಸ್ಕೊಂಡು ಬನ್ನಿ. ಹಣ್ಣು ಗಿಣ್ಣು ತಗೊಂಡೋಗಿ."

ಫೋನು ಇಟ್ಟಾಗ ರೂಪಳಿಗೆ ಮೊದಲು ಆದದ್ದು ಸಮಾಧಾನ. ಸುಮ್ಮನಿರು ಎಂದು ಮೇಲಿನವರು ಹೇಳಿದರೆ ಸುಮ್ಮನಿರುವುದೂ ಒಂದು ಕೆಲಸವಾಗುತ್ತದೆ. ಆ ಸಮಾಧಾನ ಬಸ್ ಸ್ಟ್ಯಾಂಡಿನವರೆಗೆ ಬಂತು. ಬಸ್ಸಿನಲ್ಲಿ ಕೂತ ಮೇಲೆ ಇರಲಿಲ್ಲ. ಆದರೂ ಚಿಕ್ಕಬಳ್ಳಾಪುರದಲ್ಲಿ ಇಳಿದು ಅರ್ಧ ಡಜನ್ ಮೂಸಂಬಿ ಕೊಂಡಳು.

ಆಸ್ಪತ್ರೆಯಲ್ಲಿ ಲಕ್ಷ್ಮಿದೇವಮ್ಮ ದಿಂಬಿಗೆ ಒರಗಿ ಕೂತಿದ್ದರು. ಮೂಗಿನ ಮೇಲಿನ ಆಕ್ಸಿಜನ್ ಮುಖವಾಡವನ್ನು ಮಾತಾಡಲು ಆಗಾಗ ಗಲ್ಲಕ್ಕೆ ಇಳಿಸುತ್ತಿದ್ದರು. ಕಣ್ಣು ಕೆಂಪಾಗಿದ್ದವು. ಬಿದ್ದ ಕಡೆ ಹಣೆ ಊದಿತ್ತು.

"ಬಾರಮ್ಮ. ನೋಡು, ನಿಮ್ಮ ಮಾವ ರಾತ್ರಿಯೆಲ್ಲ ಅತ್ತವ್ರೆ, ನಾನು ಸತ್ತೇ ಹೋದೆ ಅಂತ."

"ಯಾರತ್ತಿದ್ದು? ಸೊಳ್ಳೆ ಕಡೀತಿತ್ತು, ಕಣ್ಣು ಒರೆಸ್ಕೊಂಡೆ," ಅಂದ ಆವುಲಪ್ಪ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದ. "ಡಾಕ್ಟ್ರು ಹತ್ತು ಸಲ ಕೇಳಿದ್ರು, ಒಳಗೆ ಏನು ಉರೀತಿತ್ತು ಅಂತ. ಏನೂ ಇಲ್ಲ ಸಾರ್, ಒಲೆ ಇತ್ತು, ಅದು ಹೊಗೆ ಬರೋ ಒಲೆ ಅಲ್ಲ ಅಂದೆ. ಅವರಿಗೆ ನಂಬಿಕೆನೇ ಇಲ್ಲ. ಗಾಳಿ ಕೆಟ್ಟಿದ್ರೆ ಮೊದಲು ಹುಳ ಸಾಯ್ಬೇಕಲ್ವಾ? ಒಂದು ಹುಳ ಸತ್ತಿಲ್ಲ! ಇವಳು ಬಿದ್ದಿದ್ರೆ ಅವುಗಳ ಪಾಡಿಗೆ ಅವು ಸೊಪ್ಪು ತಿಂತಾ ಇದ್ವು."

ಸಣ್ಣ ವಾಸನೆಗೂ ಸಾಯುವ ಹುಳ ಬದುಕಿದ್ದರೆ ಗಾಳಿ ಶುದ್ಧ ಎಂದೇ ಲೆಕ್ಕ. ಹುಳು ಸಾಕುವವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಆದರೆ ಕೆಂಡದ ವಿಷ ಮನುಷ್ಯರ ರಕ್ತಕ್ಕೆ ಹತ್ತುವ ಹಾಗೆ ಹುಳುವಿಗೆ ಹತ್ತುವುದಿಲ್ಲ. ರೂಪ ಮೂಸಂಬಿಯ ಚೀಲವನ್ನು ಮಂಚದ ಮೇಲಿಟ್ಟು ಅದರ ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು.

"ಈಗ ಹುಳ ಯಾರು ನೋಡ್ಕೊತಿದಾರೆ?" ಅಂದಳು, ಏನಾದರೂ ಹೇಳಬೇಕಲ್ಲ ಎಂದು.

"ಲಾವಣ್ಯ ಅವ್ಳಲ್ಲ, ಸೊಸೆ," ಲಕ್ಷ್ಮಿದೇವಮ್ಮ ಮುಖವಾಡ ಇಳಿಸಿದರು. "ಒಲೆ ಹಚ್ಚಿ ಬಾಗಿಲು ಭದ್ರ ಹಾಕ್ಕೊಂಡು ಸೊಪ್ಪು ಹಾಕು ಅಂದಿದೀನಿ. ಬೆಳಿಗ್ಗೆಯಿಂದ ಒಳಗೇ ಅವ್ಳೆ, ಪಾಪ."

ಬಸ್ಸಿನಲ್ಲಿ ರೂಪ ತಯಾರು ಮಾಡಿಕೊಂಡಿದ್ದ ಮಾತುಗಳು ಬೇರೆ ಇದ್ದವು.

"ಮಾವ, ಈಗಲೇ ಫೋನ್ ಮಾಡಿ. ಆಚೆ ಬರಕ್ಕೆ ಹೇಳಿ."

"ಯಾಕೆ?"

"ಒಲೆಯಿಂದಾನೇ ಆಗಿದ್ದು. ಮೊದಲು ಫೋನ್ ಮಾಡಿ, ಆಮೇಲೆ ಬೈರಿ."

ಆವುಲಪ್ಪ ಅವಳ ಮುಖ ನೋಡಿದ. ಜೇಬಿನಿಂದ ಮೊಬೈಲು ತೆಗೆದ. ಒಂದು ಸಲ ಪೂರ್ತಿ ಬಡಿದುಕೊಂಡು ನಿಂತಿತು. ಎರಡನೇ ಸಲವೂ. ಲಕ್ಷ್ಮಿದೇವಮ್ಮ ಮುಖವಾಡ ಕಿತ್ತು ಎದ್ದು ಕೂತರು. ಮೂರನೇ ಸಲ ಆ ಕಡೆಯಿಂದ ದನಿ ಬಂತು.

"ಎಲ್ಲಿದೀಯಮ್ಮ?" ಆವುಲಪ್ಪ ಕೂಗಿದ, ವಾರ್ಡಿನವರೆಲ್ಲ ತಿರುಗುವ ಹಾಗೆ. ಕೇಳಿಸಿಕೊಂಡ. "ಅಲ್ಲೇ ಇರು, ಒಳಗೆ ಹೋಗ್ಬೇಡ. ಹುಳ ಹಾಳಾಗ್ಹೋಗ್ಲಿ, ಹೋಗ್ಬೇಡ ಅಂದೆ!" ಫೋನು ಇಳಿಸಿದ. "ತಲೆ ತಿರುಗ್ತು ಅಂತ ಆಚೆ ಬಂದು ಬಾವಿ ಹತ್ರ ಕೂತವ್ಳಂತೆ. ಫೋನು ಒಳಗಿತ್ತಂತೆ, ಹೋಗಿ ತರೋದ್ರಲ್ಲಿ ತಡ ಆಯ್ತಂತೆ."

ಆಮೇಲೆ ರೂಪ ಎಲ್ಲವನ್ನೂ ಹೇಳಿದಳು. ತರಬೇತಿಯಲ್ಲಿ ಕೇಳಿದ್ದು, ಬರೆದುಕೊಂಡದ್ದು, ಮಾರುವ ಆಸೆಗೆ ಬಿಟ್ಟದ್ದು, ಬಿಚ್ಚದೆ ಸಹಿ ಹಾಕಿದ್ದು. ಗೊತ್ತಿರಲಿಲ್ಲ ಎಂದು ಒಂದು ಕಡೆಯಾದರೂ ಸೇರಿಸಬಹುದಿತ್ತು, ಅವರು ನಂಬುತ್ತಿದ್ದರು. ಸೇರಿಸಲಿಲ್ಲ. ಹೇಳುತ್ತ ಹೇಳುತ್ತ ಅತ್ತಳು.

"ಓದಿದೋಳು ಅಂತ ನಿನ್ನ ಮಾತು ಕೇಳಿದ್ವಲ್ಲೇ," ಅಂದ ಆವುಲಪ್ಪ. ದನಿ ಈಗ ಏರಿರಲಿಲ್ಲ. "ಓದದೆ ಇರೋರು ಹೇಳಿದ್ರೆ ಕೇಳ್ತಿದ್ವಾ? ನನ್ನ ಮುಂದೆ ಅಳಬೇಡ. ಡಾಕ್ಟ್ರ ಹತ್ರ ಹೋಗಿ ಹೇಳು, ನನಗೆ ಹೇಳಿದ್ದು ಪೂರ್ತಿ. ಆಮೇಲೆ ಮಿಕ್ಕ ಮನೆಗಳಿಗೆ ಹೋಗು. ಇವಳು ಬಿದ್ದು ಎದ್ದಳು. ಎಲ್ಲರೂ ಏಳ್ತಾರೆ ಅಂತ ಏನು?"

"ಹತ್ತು ಮನೆ ಅವೆ ಮಾವ. ಫೋನಲ್ಲಿ ಹೇಳಿದ್ರೆ ನಂಬಲ್ಲ, ಸಾಯಂಕಾಲದೊಳಗೆ ನಾನೇ ಎಲ್ಲಾ ಕಡೆ ಹೋಗ್ತೀನಿ."

ಲಕ್ಷ್ಮಿದೇವಮ್ಮ ಅವಳ ಕೈ ಹಿಡಿದುಕೊಂಡರು. ಕ್ಷಮಿಸುತ್ತಾರೆಂದು ರೂಪ ಅಂದುಕೊಂಡಳು.

"ಹತ್ತಲ್ಲ ಕಣಮ್ಮ. ನಾನು ಎಲ್ಲರಿಗೂ ಹೇಳಿದೀನಿ. ಗೌರಿಬಿದನೂರಲ್ಲಿ ನಮ್ಮ ನಾದಿನಿ ಅದೇ ಒಲೆ ತರಿಸ್ಕೊಂಡವ್ಳೆ. ಸಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಎರ್ರಪ್ಪನ ಹೆಂಡ್ತಿ ಸಿಕ್ಕಿದ್ಲು, ಅವಳಿಗೂ ಹೇಳ್ದೆ. ಕಿಟಕಿ ಮುಚ್ಚು, ಕಾವು ನಿಲ್ಲುತ್ತೆ ಅಂತ. ನೀನು ಹೇಳಿದಂಗೇ ಹೇಳ್ದೆ."

ರೂಪ ಆ ಎರಡು ಹೆಸರನ್ನೂ ಬರೆದುಕೊಂಡಳು. ಆವುಲಪ್ಪ ನಾದಿನಿಯ ಮನೆಗೆ ಫೋನು ಹಚ್ಚುತ್ತಿದ್ದ. ರೂಪ ಹೋಗಿ ಹೇಳಿದ್ದನ್ನು ಡಾಕ್ಟರು ತಲೆಯೆತ್ತದೆ ಕೇಳಿ, ಚೀಟಿಯ ಮೇಲೆ ಬರೆದು, "ನಿನ್ನೆ ರಾತ್ರಿನೇ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು," ಎಂದಷ್ಟೇ ಅಂದರು.

ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಳು. ಮೊದಲ ಎರಡು ಮನೆಗಳಲ್ಲಿ ಮಾತು ಕೇಳಿದರು. ಲಕ್ಷ್ಮಿದೇವಮ್ಮ ಬಿದ್ದದ್ದು ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಮೂರನೆಯದು ಪಕ್ಕದೂರಿನ ವರಲಕ್ಷ್ಮಮ್ಮನ ಮನೆ. ಹುಳು ಮನೆಯ ಬಾಗಿಲು ಮುಚ್ಚಿತ್ತು. ಕಿಟಕಿಗೆ ಗೋಣಿಚೀಲ ತುರುಕಿದ್ದರು. ರೂಪ ಹೊರಗಿನಿಂದ ಕೂಗಿದಳು, ಬಾಗಿಲು ಬಡಿದಳು. ವರಲಕ್ಷ್ಮಮ್ಮ ಅರ್ಧ ಬಾಗಿಲು ತೆಗೆದು, ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದೇ ನಿಂತು ಕೇಳಿಸಿಕೊಂಡಳು.

"ಏಮಮ್ಮಾ ಇದು? ಮಾರುವಾಗ ಒಂದು ಮಾತು, ಮಾರಿದ್ಮೇಲೆ ಒಂದು ಮಾತಾ?"

"ಹೌದು ಅಕ್ಕ. ಆಗ ಹೇಳಿದ್ದು ತಪ್ಪು. ಗೊತ್ತಿದ್ದೂ ಹೇಳಿದೆ."

"ನಾಲ್ಕನೇ ಜ್ವರಕ್ಕೆ ಕೂರೋ ಹೊತ್ತು. ತಣ್ಣಗಾದ್ರೆ ಏಳಲ್ಲ. ನೀನು ಬಂದು ಎಬ್ಬಿಸ್ತೀಯಾ?"

"ನಿಮಗೆ ತಲೆನೋವು ಬರ್ತಾ ಇದೆಯಾ?"

ವರಲಕ್ಷ್ಮಮ್ಮ ಹಣೆ ಒತ್ತಿಕೊಂಡಳು. "ಎರಡು ದಿನದಿಂದ ಅದೆ. ಕನ್ನಡಕ ಹಾಕಿಸ್ಕೊ ಅಂದ್ರು ನಮ್ಮ ಯಜಮಾನ್ರು." ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. "ನಮ್ಮತ್ತೆ ಇದ್ದಿಲ ಅಗ್ಗಿಷ್ಟಿಕೆ ಇಡೋವಾಗ ಮೇಲಿನ ಗವಾಕ್ಷಿ ತೆಗೆದೇ ಇಡ್ತಿದ್ರು. ಸಾಯೋವರೆಗೂ ಹಂಗೇ ಮಾಡಿದ್ರು. ನೀನು ಬಂದು ಬೇಡ ಅಂದೆ, ಮುಚ್ಚಿಸ್ದೆ."

ರೂಪಳಿಗೆ ಇದು ಗೊತ್ತಿರಲಿಲ್ಲ. ಓದು ಬರಹ ಇಲ್ಲದ ಯಾವಳೋ ಮುದುಕಿ ಸರಿಯಾಗಿ ಮಾಡುತ್ತಿದ್ದುದನ್ನು ಅವಳು ಹೋಗಿ ಕೆಡಿಸಿದ್ದಳು.

"ಒಲೆ ಆಚೆ ತನ್ನಿ ಅಕ್ಕ. ಗವಾಕ್ಷಿ ತೆಗೀರಿ. ತೆಗೆಯೋವರೆಗೂ ನಾನು ಇಲ್ಲಿಂದ ಹೋಗಲ್ಲ."

"ಆಹಾ, ಜಬರ್ದಸ್ತು ಬೇರೆ!"

ವರಲಕ್ಷ್ಮಮ್ಮ ಒಳಗೆ ಹೋದಳು. ಬೈಯುತ್ತಲೇ ಒಲೆಯನ್ನು ಎರಡು ಗೋಣಿ ತುಂಡಿನಲ್ಲಿ ಹಿಡಿದು ತಂದು ಅಂಗಳದಲ್ಲಿ ಕುಕ್ಕಿದಳು. ಫ್ಯಾನು ತಿರುಗುತ್ತಿರಲಿಲ್ಲ. ಒಳಗೆ ಕೆಂಡ ಕೆಂಪಗೆ, ಹೊಗೆಯಿಲ್ಲದೆ, ಚೆಂದವಾಗಿ ಕೂತಿತ್ತು. ಆಮೇಲೆ ಕೋಲಿನಿಂದ ಗವಾಕ್ಷಿಯ ಮುಚ್ಚಳವನ್ನು ತಳ್ಳಿದ ಸದ್ದು ಬಂತು. ಕಿಟಕಿಯ ಗೋಣಿಚೀಲ ಹೊರಗೆ ಬಿತ್ತು.

"ಆಯ್ತಾ? ಇನ್ನು ನಡಿ. ನಮ್ಮನೆ ಕಡೆ ಮತ್ತೆ ತಲೆ ಹಾಕ್ಬೇಡ."

"ಬರಲ್ಲ ಅಕ್ಕ. ಇನ್ನೊಂದೇ ಒಂದು. ನೀವು ಇದನ್ನ ಯಾರಿಗಾದ್ರೂ ಹೇಳಿದ್ರಾ?"

ವರಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕೋಪ ಅವಳ ಮುಖದಿಂದ ಮೆಲ್ಲಗೆ ಇಳಿಯಿತು. ಅದರ ಜಾಗಕ್ಕೆ ಬಂದದ್ದು ಏನೆಂದು ರೂಪಳಿಗೆ ಬೆಳಗಿನಿಂದ ಚೆನ್ನಾಗಿ ಗೊತ್ತಿತ್ತು.

"ನಮ್ಮಕ್ಕನಿಗೆ ಹೇಳಿದೀನಿ," ಅಂದಳು ಸಣ್ಣ ದನಿಯಲ್ಲಿ. "ಕೆರೆ ಆಚೆ ವೆಂಕಟರವಣಪ್ಪನ ಮನೆಗೂ. ಇಬ್ರೂ ಹೋದ ವಾರ ಚಿಕ್ಕಬಳ್ಳಾಪುರದಿಂದ ತಂದ್ರು."

ರೂಪ ಬರೆದುಕೊಂಡಳು. ಪಟ್ಟಿ ಬೆಳಿಗ್ಗೆಗಿಂತ ಉದ್ದವಾಗಿತ್ತು. ಬಿಸಿಲು ಇಳಿದು ಐದಾಗುತ್ತ ಬಂದಿತ್ತು, ಚಳಿ ಶುರುವಾಗಿ ಎಲ್ಲರೂ ಹುಳು ಮನೆಗೆ ಒಲೆ ಹಚ್ಚುವ ಹೊತ್ತು.

"ನಿಲ್ಲು," ಅಂದಳು ವರಲಕ್ಷ್ಮಮ್ಮ, ಕಾಲಿಗೆ ಚಪ್ಪಲಿ ಹುಡುಕುತ್ತ. "ನಮ್ಮಕ್ಕ ನಿನ್ನ ಮಾತು ಕೇಳಲ್ಲ. ನಾನು ಹೋಗ್ತೀನಿ. ನೀನು ಕೆರೆ ಕಡೆ ಓಡು."

ರೂಪ ಓಡಿದಳು.