ನಾಲ್ಕು ಮಡಿ ಈರುಳ್ಳಿ

ಬದುವಿನ ನಟ್ಟನಡುವೆ ನೀರು ಜಿನುಗುತ್ತಿತ್ತು. ಭವ್ಯ ಕೆಸರಿನಲ್ಲೇ ಮಂಡಿಯೂರಿ ಆ ಜಾಗಕ್ಕೆ ಹಸಿಮಣ್ಣು ಮೆತ್ತಿದಳು. ಕೈ ತೆಗೆಯುವಷ್ಟರಲ್ಲಿ ಗೇಣು ದೂರದಲ್ಲಿ ಇನ್ನೊಂದು ಕಡೆ ಜಿನುಗಿತು. ಅಲ್ಲಿಗೂ ಮೆತ್ತಿದಳು. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು.

ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ ಅನ್ನುವ ಸೀಮೆ ಇದು. ಎರಡು ದಿನದಿಂದ ಆರಿದ್ರಾ ಮಳೆ ಬಿಡದೆ ಸುರಿದಿದ್ದಕ್ಕೆ ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲೆಲ್ಲ ಮುಖಗಳು ಅರಳಿದ್ದವು. ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಕೂಡ ಚಿಲ್ಲರೆಗೆ ರೇಗದೆ ಮಳೆಯ ಮಾತಾಡಿದ್ದ. ಭವ್ಯಳೊಬ್ಬಳು ಮಾತ್ರ ಕಿಟಕಿಯ ಮೇಲೆ ಬಿದ್ದ ಒಂದೊಂದು ಹನಿಗೂ ಬೆಚ್ಚುತ್ತ ಬಂದಿದ್ದಳು.

ಅವಳು ಪರ್ಮಾಕಲ್ಚರ್ ಕಲಿಸುವವಳು. ನೆಲ, ನೀರು, ಮರ, ಮನೆಮಂದಿ ಎಲ್ಲವನ್ನೂ ನೋಡಿ ಹೊಲಕ್ಕೊಂದು ನಕ್ಷೆ ಬರೆದು, ಆಮೇಲೆ ಸಾಗುವಳಿಗೆ ಇಳಿಯಬೇಕೆನ್ನುವ ವಿದ್ಯೆ ಅದು. ಎಂಟು ವರ್ಷ ಗುಜರಾತಿನ ಕಛ್‌ನಲ್ಲಿ ಕಲಿಸಿ ಬಂದಿದ್ದಳು. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ಟ್ರೆಂಚು ತೋಡಿ, ತೋಡಿದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿದರೆ ಮುಗಿಯಿತು. ವರ್ಷಕ್ಕೆ ಬೀಳುವ ನಾಲ್ಕು ಹನಿಯನ್ನು ಆ ಮರಳುನೆಲ ಸಂಜೆಯೊಳಗೆ ಕುಡಿದುಬಿಡುತ್ತಿತ್ತು. ಅದೇ ನಕ್ಷೆಯನ್ನು ಬೇಸಿಗೆಯಲ್ಲಿ ತಂದು ಕಾಮಾಕ್ಷಮ್ಮನವರ ಎರೆಹೊಲದ ಮೇಲೆ ಹಾಸಿದ್ದಳು. ತರಗತಿಗೆ ಬಂದ ಹದಿನಾಲ್ಕು ಜನರಲ್ಲಿ, ಮೊದಲು ನನ್ನ ಹೊಲದಲ್ಲೇ ಮಾಡಿ ಎಂದು ಮುಂದೆ ಬಂದವರು ಅವರೊಬ್ಬರೇ.

"ಎಲ್ಲಾ ಸರಿ ಮೇಡಂ, ಇದಕ್ಕೆ ಕೋಡಿ ಎಲ್ಲಿ?" ಎಂದು ಕಾಮಾಕ್ಷಮ್ಮ ಮೊದಲ ದಿನವೇ ಕೇಳಿದ್ದರು. ಕೆರೆ ಕಟ್ಟಿ ಬಾಳಿದ ಜನ. ನೀರು ನಿಲ್ಲಿಸಿದ ಕಡೆಯೆಲ್ಲ ಹೆಚ್ಚಾದ ನೀರಿನ ದಾರಿಯನ್ನು ಮೊದಲು ಹುಡುಕುವವರು.

"ಒಂದು ಹನಿಯೂ ಹೊರಗೆ ಹೋಗಬಾರದು ಅಂತ ತಾನೇ ನಾವು ಇಷ್ಟೆಲ್ಲ ಮಾಡ್ತಿರೋದು?" ಎಂದು ಭವ್ಯ ನಕ್ಕಿದ್ದಳು. ಅವಳು ನಕ್ಕಳೆಂದು ಉಳಿದವರೂ ನಕ್ಕಿದ್ದರು. ಅದು ನೆನಪಾಗಿ ಈಗ ಅವಳ ಕಿವಿ ಬಿಸಿಯಾಯಿತು.

ಎರೆಮಣ್ಣು ಕುಡಿಯುವಷ್ಟು ಕುಡಿದು, ಉಬ್ಬಿ, ಬಾಯಿ ಮುಚ್ಚಿಕೊಂಡಿತ್ತು. ಟ್ರೆಂಚಿನಲ್ಲಿ ನೀರು ಬದುವಿನ ಅಂಚಿಗೆ ನಾಲ್ಕು ಬೆರಳಷ್ಟು ಕೆಳಗಿತ್ತು. ಬದುವಿನ ಆಚೆಗೆ ರೇವಣಪ್ಪನವರ ಒಂದೆಕರೆ ಈರುಳ್ಳಿ, ಇಪ್ಪತ್ತು ದಿನದ ಎಳೆ ಸಸಿ. ನೀರು ನುಗ್ಗಿ ನಿಂತರೆ ಒಂದೂ ಉಳಿಯುವುದಿಲ್ಲ.

"ನಡುವೆ ಒಡೀತು ಅಂದ್ರೆ ರೇವಣ್ಣನ ಹೊಲ ಪೂರ್ತಿ ಹೋಯ್ತದೆ ಮೇಡಂ," ಎಂದರು ಬದುವಿನ ಮೇಲೆ ನಿಂತಿದ್ದ ಕಾಮಾಕ್ಷಮ್ಮ. "ಆ ತುದೀಲಿ ನಾವೇ ಕಡಿದ್ರೆ, ನೀರು ಅವನ ಮೂಲೆ ನಾಲ್ಕು ಮಡಿ ಮ್ಯಾಲೆ ಹಾದು ಹಳ್ಳ ಸೇರ್ತದೆ."

ಭವ್ಯ ಎದ್ದು ಆ ತುದಿಯ ಕಡೆ ನೋಡಿದಳು. ತಾನಾಗಿ ಒಡೆದರೆ ತಪ್ಪನ್ನು ಮಳೆಯ ಮೇಲೆ ಹಾಕಬಹುದು, ಕಡಿದರೆ ಅದು ತನ್ನ ಮೇಲೆಯೇ. ಈ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಬದು ದಾಟಿ ಕೆಳಗಿಳಿದಳು.

ರೇವಣಪ್ಪ ತಮ್ಮ ಹೊಲದ ಬಸಿಗಾಲುವೆಯ ಕಸ ಎಳೆಯುತ್ತಿದ್ದರು. ತರಗತಿಗೆ ಕರೆಯಲು ಹೋದಾಗ "ನಮ್ ಹೊಲ ನಮಗೆ ಗೊತ್ತು ಕಣಮ್ಮಾ" ಎಂದು ಮಜ್ಜಿಗೆ ಕೊಟ್ಟು ಕಳಿಸಿದ್ದ ಮನುಷ್ಯ.

"ಮೇಲಿನ ಬದು ಒಡೆಯೋ ಹಾಗಿದೆ ರೇವಣಪ್ಪನವರೇ."

ಅವರು ಗುದ್ದಲಿ ಊರಿ ನೆಟ್ಟಗೆ ನಿಂತು ಮೇಲಕ್ಕೆ ನೋಡಿದರು. ಬದುವಿನ ಜಿನುಗು ಅಲ್ಲಿಂದಲೇ ಕಂಡಿರಬೇಕು. ಸಿಟ್ಟು ನೆತ್ತಿಗೇರಿತು.

"ಏನ್ ಕಾಮಾಕ್ಷಕ್ಕಾ! ಕೋಡಿ ಬಿಡ್ದಲೇ ನೀರ್ ಕಟ್ಟಿದ್ಯಲ್ಲ, ಬುದ್ಧಿಗೆ ಏನಾಗಿತ್ತು ನಿಂಗೆ?"

ಕಾಮಾಕ್ಷಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು ಬದುವಿನ ಮೇಲೆ ನಿಂತೇ ಇದ್ದರು. ಮೇಡಂ ಬೇಡ ಅಂದರು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ.

"ಅವರು ಕೇಳಿದ್ರು," ಎಂದಳು ಭವ್ಯ. "ಮೊದಲ ದಿನವೇ ಕೇಳಿದ್ರು. ಬೇಡ ಅಂದಿದ್ದು ನಾನು. ಈಗ ತುದೀಲಿ ಕಡಿದ್ರೆ ನಿಮ್ಮ ನಾಲ್ಕು ಮಡಿ ಹೋಗುತ್ತೆ. ಕಡೀದೆ ಇದ್ರೆ..."

"ಗೊತ್ತಾಯ್ತು ಬಿಡು."

ರೇವಣಪ್ಪ ಒಮ್ಮೆ ಮೋಡ ನೋಡಿದರು, ಒಮ್ಮೆ ಮೂಲೆ ನೋಡಿದರು. "ಅಲ್ಲೇ ಚೆನ್ನಾಗಿ ಬಂದಿತ್ತು ಕಣಮ್ಮಾ," ಎಂದರು. ಈಗ ದನಿಯಲ್ಲಿ ಸಿಟ್ಟಿರಲಿಲ್ಲ. ಭವ್ಯಳಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು. ಅವರು ಗುದ್ದಲಿಯ ಕಾವನ್ನು ಅವಳ ಕಡೆ ಚಾಚಿದರು.

"ತಗಾ. ಕಟ್ಟಿಸ್ದೋಳು ನೀನು, ನೀನೇ ಕಡಿ. ಹಳ್ಳದ ಕಡೆ ಓರೆ ಮಾಡು."

ಬದುವಿನ ತುದಿಯ ಎರೆಮಣ್ಣು ಗುದ್ದಲಿಗೆ ಹಿಟ್ಟಿನ ಮುದ್ದೆಯಂತೆ ಅಂಟಿಕೊಳ್ಳುತ್ತಿತ್ತು. ನಾಲ್ಕು ಏಟು ಹಾಕಿದಳು, ಐದು ಹಾಕಿದಳು. ಮೊದಲು ಬೆರಳಗಲದ ನೀರು ಹರಿಯಿತು. ಆಮೇಲೆ ತಾನೇ ಮಣ್ಣು ಕೊರೆದುಕೊಂಡು ಮೊಳದಗಲ ನುಗ್ಗಿತು. ಹನಿ ಮತ್ತೆ ಶುರುವಾಗಿತ್ತು. ಭವ್ಯ ಬದುವಿನ ನಡುಭಾಗವನ್ನೇ ನೋಡುತ್ತ ನಿಂತಳು.

"ಇಳೀತಾ ಐತೆ ಮೇಡಂ!" ಎಂದು ಕಾಮಾಕ್ಷಮ್ಮ ಕೂಗಿದರು. "ಒಂದ್ ಗೇಣು ಇಳೀತು!"

ಕೆಳಗೆ ಮೊದಲ ಮಡಿ ಆಗಲೇ ಮುಳುಗಿತ್ತು. ರೇವಣಪ್ಪ ನೀರಿಗಿಂತ ಮುಂದೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಬೇರೆ ಕಡೆ ನೆಡಲು ಸಿಕ್ಕಷ್ಟು ಸಸಿ ಕಿತ್ತು ಟವಲಿಗೆ ತುಂಬುತ್ತಿದ್ದರು. ಭವ್ಯ ಗುದ್ದಲಿ ಬಿಸುಟು ಓಡಿಹೋಗಿ ಪಕ್ಕದ ಸಾಲಿನಲ್ಲಿ ಕೂತಳು. ಅವಸರಕ್ಕೆ ಸಸಿಗಳ ತುದಿ ಹಿಡಿದು ಎಳೆದಳು. ಎಲೆ ಕೈಗೆ ಬಂತು, ಬೇರು ಮಣ್ಣಲ್ಲೇ ಉಳಿಯಿತು.

"ಹಂಗಲ್ಲ," ಎಂದರು ರೇವಣಪ್ಪ, ತಲೆಯೆತ್ತದೆ. "ಬುಡಕ್ಕೆ ಬೆರಳಿಕ್ಕು. ಮಣ್ಣು ಸಡ್ಲ ಆದ್ಮೇಲೆ ಎತ್ತು."

ಬಗ್ಗಡ ನೀರು ಹಿಂದಿನಿಂದ ಬಂದು ಅವಳ ಹಿಮ್ಮಡಿ ಮುಟ್ಟಿತು. ಭವ್ಯ ಮಣ್ಣಿಗೆ ಬೆರಳಿಳಿಸಿ, ಸಸಿಯ ಬುಡ ಹುಡುಕಿದಳು.