ಎಂಜಲು ದಾರ

"ನನ್ನ ಹೊಟ್ಟೆ ಮೇಲೆ ಯಾಕೋ ನಿನ್ನ ಕಣ್ಣು, ಮುಂಡೇದೇ?"

"ಕಣ್ಣಲ್ಲ ಬುದ್ದಿ, ಉಸ್ರು ಬುಡಿ ಅಂದೆ. ಹೊಟ್ಟೆ ಒಳಕ್ಕೆ ಎಳ್ಕೊಂಡು ಅಳ್ತೆ ಕೊಟ್ರೆ, ಕೋಟು ಹಾಕ್ಕೊಂಡಾಗ್ಲೂ ಹಂಗೇ ಎಳ್ಕೊಂಡಿರಬೇಕಾಯ್ತದೆ."

ಶಾನುಭೋಗ ವೆಂಕಟರಾಮಯ್ಯ ಜಗುಲಿಯ ಮೇಲೆ ಎರಡು ಕೈಯೂ ಎತ್ತಿ ನಿಂತಿದ್ದ. ಅವನ ಸೊಂಟಕ್ಕೆ ಒಂದು ಹುರಿ ಸುತ್ತಿತ್ತು. ಹುರಿಯ ತುದಿ ಅವನ ತಾಯಿ ಸಾವಿತ್ರಮ್ಮನ ಕೈಯಲ್ಲಿತ್ತು. ದರ್ಜಿ ಜವರಣ್ಣ ಹತ್ತು ಮಾರು ಆಚೆ, ಬೇಲಿಯ ಪಕ್ಕ. ಹೊಲಗೇರಿಯವನು ಮೈ ಮುಟ್ಟಿ ಅಳತೆ ತೆಗೆಯುವಂತಿರಲಿಲ್ಲ. ಅವನು ಬಾಯಲ್ಲಿ ಹೇಳಬೇಕು, ಅವರು ಸುತ್ತಿಕೊಳ್ಳಬೇಕು, ಅಮ್ಮ ಗಂಟು ಹಾಕಬೇಕು. ಎದೆಗೊಂದು ಗಂಟು, ಹೊಟ್ಟೆಗೊಂದು, ತೋಳಿಗೊಂದು. ಆಮೇಲೆ ಹುರಿಯನ್ನು ಅಂಗಳಕ್ಕೆ ಎಸೆದರೆ ಅವನು ಎತ್ತಿಕೊಳ್ಳಬೇಕು. ಹಳೇಬೀಡಿನ ಪೇಟೆಯಲ್ಲಿ ಅವನು ಹೊಲಿದ ಅಂಗಿಗಳೆಲ್ಲ ಹೀಗೆ ಗಂಟು ಎಣಿಸಿ ಹೊಲಿದವೇ. ಮನೆಗೆ ಬಂದ ಅಂಗಿಯನ್ನು ನೀರಿಗೆ ಅದ್ದಿ ತೆಗೆದು ಒಣಗಿಸಿ ತೊಡುತ್ತಿದ್ದರು. ಹತ್ತಿ ಬಟ್ಟೆಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಹುರಿ ಬಿತ್ತು. ಹಿಂದೆಯೇ ಕೋಟೂ ಬಿತ್ತು.

ಜವರಣ್ಣ ಮಣ್ಣು ಕೊಡವಿ ಕೋಟಿನ ಒಳಮೈ ತಿರುವಿದ. ಕಪ್ಪು ಉಣ್ಣೆ, ಒಳಗೆ ರೇಷ್ಮೆಯ ಅಸ್ತರು, ಕುತ್ತಿಗೆಯವರೆಗೆ ಗುಂಡಿ. ವೆಂಕಟರಾಮಯ್ಯನ ಅಪ್ಪ ಮೈಸೂರಿನಲ್ಲಿ ಹೊಲಿಸಿದ್ದು. ಅಪ್ಪ ಸಣಕಲು, ಮಗ ದಪ್ಪ. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿದ್ದು ಏಳು ಕಡೆ ನುಸಿ ತಿಂದಿತ್ತು. ಆದರೆ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಮಡಿಚಿ ಬಿಟ್ಟಿದ್ದರು. ಜವರಣ್ಣ ಆ ಮಡಿಕೆಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ.

"ಯಾವ ಪುಣ್ಯಾತ್ಮ ಹೊಲ್ದಿದ್ನೋ. ಮಗ ದಪ್ಪ ಆಯ್ತಾನೆ ಅಂತ ಆಗ್ಲೇ ಗೊತ್ತಿತ್ತು ಅವನ್ಗೆ."

"ಏನಂದೆ?"

"ಆಯ್ತದೆ ಅಂದೆ ಬುದ್ದಿ."

"ಆಗಲೇಬೇಕು. ಸೋಮವಾರ ಅಲ್ಲ, ಬರೋ ಸೋಮವಾರ ಬೇಲೂರಲ್ಲಿ ಜಮಾಬಂದಿ. ಕಂದಾಯದ ಲೆಕ್ಕ ನೋಡೋಕೆ ದೊಡ್ಡ ಸಾಹೇಬರು ಬರ್ತಾರೆ. ಅರಸೀಕೆರೆಯ ದರ್ಜಿ ತಿಂಗಳು ಬೇಕು ಅಂದ, ಅದಕ್ಕೇ ನಿನಗೆ ಹೇಳಿ ಕಳಿಸಿದ್ದು. ಹೊಸದು ಹೊಲಿಸೋಣ ಅಂದ್ರೆ ಈ ಯುದ್ಧದ ಕಂಟ್ರೋಲು ಕಾಲದಲ್ಲಿ ಬಟ್ಟೆ ಎಲ್ಲಿದೆ?"

ಜವರಣ್ಣ ಕೋಟನ್ನು ಮಡಿಚಿ ಟವೆಲಿನಲ್ಲಿ ಸುತ್ತಿಕೊಂಡ. ಹೊರಡಲಿಲ್ಲ.

"ಬುದ್ದಿ, ಬಸ್ ನಿಲ್ಲೋ ತಾವು ನಿಮ್ದೊಂದು ಅಂಗ್ಡಿ ಜಗಲಿ ಖಾಲಿ ಬಿದ್ದೈತೆ."

"ಬಿದ್ದಿರಲಿ."

"ಕೇರೀಲಿ ಮಿಷನ್ನಿಗೆ ನೆಲೆ ಇಲ್ಲ. ಸೋರ್ತದೆ. ಹೋದ ಮಳೆಗಾಲ ತುಕ್ಕು ಹಿಡ್ದು ಎರಡು ತಿಂಗ್ಳು ಗಾಲಿ ತಿರುಗ್ಲಿಲ್ಲ. ಅಲ್ಲೊಂದು ಮೂಲೆ ಕೊಟ್ರೆ..."

ಸಾವಿತ್ರಮ್ಮ ಮಗನ ಮುಖ ನೋಡಿದಳು. ವೆಂಕಟರಾಮಯ್ಯ ಕೈ ಇಳಿಸಿ ಹೊಟ್ಟೆ ಬಿಟ್ಟ.

"ಕೋಟು ಮೊದಲು ತಾ. ಹೊಂದಿತು ಅಂದ್ರೆ ಮಂಗಳವಾರದಿಂದ ಕೂತ್ಕೋ. ಜಗುಲಿ ಮೇಲೆ ಮಾತ್ರ. ಅಂಗಡಿ ಬಾಗಿಲು ದಾಟಬೇಡ."

*

"ಕೊಡ್ತೀನಿ ಅಂದ್ನೋ, ಕೊಡಾನ ನೋಡಾನ ಅಂದ್ನೋ?" ಎಂದು ಹೆಂಡತಿ ಕೆಂಚಮ್ಮ ಕೇಳಿದಳು.

"ಕೂತ್ಕೋ ಅಂದ ಕಣೇ. ಬಾಯ್ಬುಟ್ಟು ಅಂದ."

"ಹೋದ್ಸಲಾನೂ ಬಾಯ್ಬುಟ್ಟೇ ಅಂದಿದ್ದ, ಬಾವಿ ತೋಡುಸ್ತೀನಿ ಅಂತ. ಇನ್ನೂ ಕಟ್ಟೆ ನೀರೇ ಕುಡೀತಾ ಇವ್ನಿ ನಾನು."

ಕೆಂಚಮ್ಮ ಶಾನುಭೋಗರ ಕೊಟ್ಟಿಗೆಯ ಸಗಣಿ ಬಾಚುವವಳು. ಆ ಮನೆಯ ಮಾತನ್ನು ಹಿತ್ತಲಿನಿಂದ ಕೇಳಿ ಗೊತ್ತಿದ್ದವಳು.

ಜವರಣ್ಣ ಅವಳ ಜೊತೆ ವಾದಕ್ಕೆ ನಿಲ್ಲಲಿಲ್ಲ. ಅರಸೀಕೆರೆಯ ಸ್ಟೇಷನ್ ರಸ್ತೆಯ ಸಾಬರ ಅಂಗಡಿಯಲ್ಲಿ ಏಳು ವರ್ಷ ಇಸ್ತ್ರಿಗೆ ಇದ್ದಿಲು ಊದಿ, ಗುಂಡಿ ಹಾಕಿ, ಕೊನೆಗೆ ತೂತನ್ನು ಗುರುತು ಸಿಗದ ಹಾಗೆ ನೇಯುವ ರಫು ಕಲಿತು, ಸಾಬರ ಹಳೆಯ ಕೈಮಿಷನ್ನನ್ನು ತಲೆಯ ಮೇಲೆ ಹೊತ್ತುಕೊಂಡು ಊರಿಗೆ ಬಂದವನು ಅವನು. ಬಂದ ಮೇಲೆ ಒಂದು ಉಣ್ಣೆಯ ಕೋಟೂ ಅವನ ಕೈಗೆ ಸಿಕ್ಕಿರಲಿಲ್ಲ. ಲಂಗ, ಚಡ್ಡಿ, ದಿಂಬಿನ ಚೀಲ. ಕೈ ಮೊಂಡಾಗುತ್ತಿದೆ ಎಂದು ಅವನಿಗೇ ಅನ್ನಿಸುತ್ತಿತ್ತು.

ಮೊದಲ ದಿನ ಕೋಟನ್ನು ನೆರಳಿನಲ್ಲಿ ತೂಗುಹಾಕಿ, ತೆಂಗಿನ ನಾರಿನ ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಉಜ್ಜಿದ. ನುಸಿಯ ಮೊಟ್ಟೆ ಉದುರಿದವು. ಎರಡನೆಯ ದಿನ ಅಸ್ತರು ಬಿಚ್ಚಿದ. ಆಮೇಲೆ ಪಕ್ಕದ ಮಡಿಕೆಯ ಒಳಗಿಂದ ಒಂದೊಂದೇ ಎಳೆ ಎಳೆದು ತೆಗೆದು, ಆ ಎಳೆಯಿಂದಲೇ ನುಸಿ ತಿಂದ ತೂತುಗಳನ್ನು ನೇಯತೊಡಗಿದ. ಅಡ್ಡ ಎಳೆ ಒಂದು ಮೇಲೆ, ಒಂದು ಕೆಳಗೆ. ಒಂದು ತೂತಿಗೆ ಒಂದು ಹಗಲು. ಕಣ್ಣು ಉರಿಯುತ್ತಿತ್ತು. ಮಗಳು ಭಾಗಿ ಹತ್ತಿರ ಬಂದರೆ ಕೈ ತೊಳೆದು ಬಾ ಎಂದು ಅಟ್ಟುತ್ತಿದ್ದ. ಅವಳು ತೊಳೆದು ಬಂದು, "ಈಗ್ಲಾದ್ರೂ ಮುಟ್ಲಾ ಅಪ್ಪ?" ಎನ್ನುವಳು. "ಈಗ್ಲೂ ಬ್ಯಾಡ" ಎನ್ನುವನು.

ಒಂಬತ್ತನೆಯ ದಿನ ಸಂಜೆ, ಪಕ್ಕ ಬಿಡಿಸಿದ ಕೋಟಿಗೆ ಅಸ್ತರು ಹೊಲಿಯುವ ಮೊದಲು, ಕೆಂಚಮ್ಮ ಅದನ್ನು ಬೆಳಕಿಗೆ ಹಿಡಿದು ತೂತು ಹುಡುಕಿದಳು. ಸಿಕ್ಕಲಿಲ್ಲ.

"ಎಲ್ಲಿತ್ತು?"

"ನಂಗೂ ಮರ್ತೋಗೈತೆ."

ಅವಳು ನಕ್ಕಳು. "ಮಂಗ್ಳಾರ ಜಗ್ಲಿ ಸಾರ್ಸಕ್ಕೆ ನಾನೇ ಬತ್ತೀನಿ" ಎಂದಳು.

*

ಶನಿವಾರ ಬೆಳಿಗ್ಗೆ ಜವರಣ್ಣ ಕೋಟನ್ನು ಬಾಳೆ ಎಲೆಯ ಮೇಲಿಟ್ಟು ಅಂಗಳದ ಕಲ್ಲಿನ ಮೇಲೆ ಇರಿಸಿದ. ವೆಂಕಟರಾಮಯ್ಯ ಬೇಲೂರಿಗೆ ಹೋಗಿದ್ದ. ಸಾವಿತ್ರಮ್ಮ ಮೆಟ್ಟಿಲವರೆಗೆ ಬಂದಳು.

"ಅಮ್ನೋರೆ, ಇದುಕ್ಕೆ ನೀರು ಸೋಕುಸ್ಬೇಡಿ. ಬಿಸ್ಲಿಗೂ ಹಾಕ್ಬೇಡಿ. ಬೇವಿನ ಸೊಪ್ಪು ಒಣಗ್ಸಿ ಜೇಬಲ್ಲಿಡಿ, ನುಸಿ ಬರಾಕಿಲ್ಲ."

"ನೀರು ಸೋಕಿಸದೆ ಒಳಗೆ ಹ್ಯಾಗೋ ತಗೊಳ್ಳಲಿ?"

"ಉಣ್ಣೆಗೆ ಮೈಲ್ಗೆ ಇಲ್ಲ ಅಂತ ನಿಮ್ಮೋರೇ ಯೋಳ್ತಾರಲ್ಲವ್ವ."

"ಉಣ್ಣೆಗೆ ಇಲ್ಲ. ನಿನ್ನ ದಾರಕ್ಕೆ?"

"ದಾರಾನೂ ಈ ಕೋಟಿಂದೇ. ಒಳಗಿಂದ ಎಳ್ದು ಹಾಕಿವ್ನಿ. ನಂದು ಅಂತ ಒಂದೆಳೆ ಇಲ್ಲ."

ಸಾವಿತ್ರಮ್ಮ ಕೋಟಿನ ಕಡೆ ಬಗ್ಗಿ ನೋಡಿದಳು. ಕೆಟ್ಟ ಹೆಂಗಸಿನ ಮುಖವಲ್ಲ ಅದು. ಲೆಕ್ಕ ತಪ್ಪಬಾರದೆಂದು ಎರಡು ಸಲ ಎಣಿಸುವವಳ ಮುಖ.

"ಸೂಜಿಗೆ ದಾರ ಪೋಣಿಸುವಾಗ ತುದಿ ಬಾಯಲ್ಲಿಟ್ಟು ಒದ್ದೆ ಮಾಡಿದೆಯಾ?"

ಎಳೆಯ ತುದಿ ಕೆದರಿದರೆ ಸೂಜಿಯ ಕಣ್ಣಿಗೆ ಹೋಗುವುದಿಲ್ಲ. ತುಟಿಯಲ್ಲಿ ಒತ್ತಿ, ನಾಲಿಗೆಯಲ್ಲಿ ಚೂಪು ಮಾಡದ ದರ್ಜಿ ಭೂಮಿಯ ಮೇಲೆ ಇಲ್ಲ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಜವರಣ್ಣನ ತಲೆಯ ತುಂಬ ಒಂಬತ್ತು ದಿನದ ಕೆಲಸ ತುಂಬಿತ್ತು, ಸುಳ್ಳಿಗೆ ಜಾಗ ಇರಲಿಲ್ಲ.

"ಮಾಡ್ದೆ ಹೆಂಗಾಯ್ತದ್ರವ್ವ" ಅಂದುಬಿಟ್ಟ.

"ಹ್ಞೂಂ. ಹೋಗು ನೀನು."

ಮಧ್ಯಾಹ್ನ ಕೊಟ್ಟಿಗೆ ಬಾಚುತ್ತಿದ್ದ ಕೆಂಚಮ್ಮನಿಗೆ ಬಚ್ಚಲಿನಿಂದ ಕಂಬಳಿ ಬೇಯುವಂಥ ವಾಸನೆ ಬಂತು. ಸಗಣಿಯ ಮಂಕರಿ ಇಳಿಸಿ ಬಗ್ಗಿ ನೋಡಿದಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಸಾವಿತ್ರಮ್ಮ ಕೋಲಿನಿಂದ ಏನನ್ನೋ ಒಳಕ್ಕೆ ಅದುಮುತ್ತಿದ್ದಳು. ಕಪ್ಪು ತೋಳೊಂದು ಮೇಲೆ ಬಂದು ಮತ್ತೆ ಮುಳುಗಿತು.

"ಅಮ್ನೋರೆ, ತಗೀರಿ. ಕೈಮುಗೀತೀನಿ ತಗೀರಿ. ಉಣ್ಣೆ ಅದು, ಬೆಂದು ಮುದುರ್ಕತದೆ."

"ನೀನು ಯಾಕೆ ಇಲ್ಲಿವರೆಗೂ ಬಂದೆ? ಹೊಸಿಲು ಮುಟ್ಟೀಯ, ಜೋಕೆ."

ಹಂಡೆ ಅವಳಿಂದ ನಾಲ್ಕು ಹೆಜ್ಜೆ. ಕೆಂಚಮ್ಮ ಹೊಸಿಲಿನ ಈಚೆ ನಿಂತೇ ಇದ್ದಳು. ಒಂದು ಕಾಲೆತ್ತಿದಳು. ಮನೆಯಲ್ಲಿ ಭಾಗಿ ಇದ್ದಾಳೆ ಎಂದು ನೆನಪಾಯಿತು. ಕಾಲನ್ನು ಅದೇ ಜಾಗದಲ್ಲಿ ಇಟ್ಟಳು.

ಸಾವಿತ್ರಮ್ಮ ಕೋಟನ್ನು ಕೋಲಿನಲ್ಲಿ ಎತ್ತಿ, ಒಗೆಯುವ ಕಲ್ಲಿಗೆ ನಾಲ್ಕು ಬಡಿದು, ಹಿಂಡಿ, ಬಿಸಿಲಿಗೆ ಹಾಕಿದಳು.

*

ಭಾನುವಾರ ತೋಟಿ ಕರಿಯಣ್ಣ ಕೇರಿಗೆ ಬಂದ. ಜವರಣ್ಣನ ಚಿಕ್ಕಪ್ಪ ಅವನು, ಊರಿನ ಕೋಲು ಹಿಡಿಯುವವನು.

"ಚಾವ್ಡಿಗೆ ಬರ್ಬೇಕಂತೆ ಕಣ್ಲಾ. ಮಿಷನ್ನೂ ತರ್ಬೇಕಂತೆ."

"ಮಿಷನ್ ಯಾಕೆ?"

"ನನ್ನ ಕೇಳ್ಬೇಡ. ನಾನು ಕರ್ಕೊಂಡೋಗೋನು."

ಚಾವಡಿಯ ಮೇಲೆ ವೆಂಕಟರಾಮಯ್ಯ ಕೂತಿದ್ದ. ಪಕ್ಕದಲ್ಲಿ ಪಟೇಲ ದೇವೀರಪ್ಪ. ಸುತ್ತ ಊರಿನ ಎಂಟು ಹತ್ತು ಜನ. ಕೋಟು ಕಂಬದ ಮೊಳೆಗೆ ನೇತಾಡುತ್ತಿತ್ತು. ಅದು ಹತ್ತು ವರ್ಷದ ಹುಡುಗನ ಕೋಟಿನಷ್ಟಾಗಿತ್ತು. ಉಣ್ಣೆ ಗಟ್ಟಿ ಹೆಪ್ಪುಗಟ್ಟಿ, ಅಸ್ತರು ಕೆಳಗೆ ಜೋಲುಬಿದ್ದು, ಕತ್ತು ಹಿಸುಕಿದ ಕೋಳಿಯ ಹಾಗೆ ಕಾಣುತ್ತಿತ್ತು.

"ಇದೇನೋ, ಸೂಳೆಮಗನೆ?"

ಜವರಣ್ಣ ನೋಡಿದ. ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ. ರಫು ಮಾಡಿದ ಏಳು ಜಾಗವನ್ನು ಕಣ್ಣು ತಾನಾಗಿ ಹುಡುಕಿತು. ಒಂದೂ ಬಿಟ್ಟುಕೊಂಡಿರಲಿಲ್ಲ.

"ನಾನು ಕೊಟ್ಟಾಗ ಹಿಂಗಿರ್ಲಿಲ್ಲ ಬುದ್ದಿ. ನೀರು ಸೋಕುಸ್ಬೇಡಿ ಅಂದಿದ್ದೆ."

"ನೀರಿಗೆ ಅಂಜೋ ಹೊಲಿಗೆ ಯಾವ ಹೊಲಿಗೆಯೋ? ನಮ್ಮಪ್ಪ ಇದನ್ನ ಹಾಕ್ಕೊಂಡು ಮಳೇಲಿ ನೆಂದಿಲ್ಲವಾ?"

"ಮಳೇಲಿ ನೆಂದವ್ರೆ. ಹಂಡೇಲಿ ಬೆಂದಿಲ್ಲ" ಎಂದು ಕೆಂಚಮ್ಮ ಹಿಂದಿನಿಂದ ಹೇಳಿದಳು. "ನಾನು ನೋಡ್ದೆ. ಹಿರೀ ಅಮ್ನೋರು ಕೋಲಲ್ಲಿ ತಿರುವ್ತಾ ಇದ್ರು."

ಯಾರೋ ಕಿಸಕ್ಕೆಂದರು. ವೆಂಕಟರಾಮಯ್ಯನ ಕಿವಿ ಕೆಂಪಾಯಿತು.

"ನಮ್ಮಮ್ಮನ ಹೆಸರು ಎತ್ತಿದರೆ ನಾಲಿಗೆ ಸೀಳಿಸ್ತೀನಿ, ಬೋಸುಡಿ. ಎಂಜಲು ಹಚ್ಚಿ ಹೊಲಿದು ತಂದಿದ್ದು ಇವನು. ಬಾಯಿಬಿಟ್ಟು ಒಪ್ಪಿಕೊಂಡಿದಾನೆ. ಕುದಿಸದೆ ಇನ್ನೇನು ಮಾಡ್ತಾರೆ?"

"ಜಗ್ಲಿ ಬೇಕಂತೆ, ಜಗ್ಲಿ" ಎಂದ ದೇವೀರಪ್ಪ. "ಇವತ್ತು ಜಗ್ಲಿ ಅಂತಾನೆ, ನಾಳೆ ನಡುಮನೇಲಿ ಎಲೆ ಹಾಕಿ ಅಂತಾನೆ. ಶಾನ್‌ಭೋಗ್ರೆ, ತೀರ್ಮಾನ ಯೋಳಿ. ದನ ಕರೆಯೋ ಹೊತ್ತಾಯ್ತು."

"ತೀರ್ಮಾನ ಏನಿದೆ? ನಾಳೆ ಹೊತ್ತಾರೆಗೆ ಈ ಕೋಟು ನನ್ನ ಮೈಗೆ ಹೊಂದಬೇಕು. ಇಲ್ಲ ಅಂದ್ರೆ ಮಿಷನ್ ಚಾವಡೀಲೇ ಇರುತ್ತೆ. ಇನ್ನು ಮೇಲೆ ಈ ಊರಲ್ಲಿ ಇವನು ಸೂಜಿ ಹಿಡಿಯೋ ಹಾಗಿಲ್ಲ."

ಕರಿಯಣ್ಣ ಮಿಷನ್ನನ್ನು ಜವರಣ್ಣನ ತಲೆಯಿಂದ ಇಳಿಸಿಕೊಂಡು ಚಾವಡಿಯ ಒಳಗಿಟ್ಟ. ಗಾಲಿ ಒಂದು ಸುತ್ತು ತಾನೇ ತಿರುಗಿ ನಿಂತಿತು.

ಅರಸೀಕೆರೆಯ ಬಸ್ಸು ಇದ್ದಿಲ ಹೊಗೆ ಬಿಡುತ್ತ ಬಂದು, ನಿಂತು, ಹೋಯಿತು. ಖಾಲಿ ಜಗುಲಿಯ ಮೇಲೆ ಒಂದು ನಾಯಿ ಮಲಗಿದ್ದುದು ಅಲ್ಲಿಂದ ಕಾಣುತ್ತಿತ್ತು.

"ಕೋಟು ಇತ್ಲಾಗೆ ಕೊಡಿ" ಎಂದ ಜವರಣ್ಣ.

ಕರಿಯಣ್ಣ ಕೋಲಿನ ತುದಿಯಲ್ಲಿ ತೆಗೆದು ಕೊಟ್ಟ. ಜವರಣ್ಣ ಮೆಟ್ಟಿಲ ಕೆಳಗೆ ಟವೆಲು ಹಾಸಿ ಕೂತ. ಸೊಂಟದ ಗಂಟು ಬಿಚ್ಚಿ ಅರ್ಧ ಬ್ಲೇಡು ತೆಗೆದ. ತೋಳಿನ ಹೊಲಿಗೆಗೆ ತುದಿ ಕೊಟ್ಟ.

"ನೋಡಿದ್ರಾ ಪಟೇಲರೇ," ವೆಂಕಟರಾಮಯ್ಯ ವೀಳ್ಯದೆಲೆಗೆ ಸುಣ್ಣ ಹಚ್ಚಿದ. "ಆಗೋದಿಲ್ಲ ಅನ್ನೋದು ಇವರ ಚಾಳಿ. ಮಿಷನ್ ಹೋಗುತ್ತೆ ಅಂದ ತಕ್ಷಣ ಕೈ ಓಡುತ್ತೆ."

ಬಲಗಡೆಯ ತೋಳು ಕಳಚಿ ಟವೆಲಿನ ಮೇಲೆ ಬಿತ್ತು. ಜವರಣ್ಣ ಅದನ್ನು ಪಕ್ಕಕ್ಕಿಟ್ಟು ಕಾಲರಿಗೆ ಬಂದ. ಕಾಲರೂ ಬಿತ್ತು. ಪಕ್ಕದ ಹೊಲಿಗೆ ಕಂಕುಳಿನಿಂದ ಕೆಳಗಿನವರೆಗೆ ಸರಸರನೆ ಬಿಚ್ಚಿಕೊಂಡಿತು. ಆಮೇಲೆ ಅವನು ಬೆನ್ನಿನ ತುಂಡನ್ನು ಮಂಡಿಯ ಮೇಲೆ ಎಳೆದುಕೊಂಡು ಒಂದು ಜಾಗ ಹುಡುಕಿ, ಬ್ಲೇಡಿನ ಮೂಲೆಯಿಂದ ಎಳೆ ಎಬ್ಬಿಸತೊಡಗಿದ. ಅಲ್ಲಿ ಒಂದು ತೂತು ಬಾಯಿ ತೆರೆಯಿತು.

ವೆಂಕಟರಾಮಯ್ಯ ಎಲೆ ಹಿಡಿದ ಕೈ ಹಾಗೇ ನಿಲ್ಲಿಸಿದ.

"ಏನೋ ಮಾಡ್ತಿದೀಯ?"

"ನನ್ನ ಎಂಜ್ಲು ತಗೀತಾ ಇವ್ನಿ."

"ಏಯ್!"

"ನಿಮ್ಮ ಕೋಟು ನಿಮ್ಗೆ ಬುದ್ದಿ. ನುಸಿ ತಿಂದಿದ್ದು ಏಳು ತೂತು ಇದ್ವು. ಏಳನ್ನೂ ಕೊಟ್ಟೋಯ್ತೀನಿ. ಎಣುಸ್ಕಳಿ."

"ಕರಿಯಾ, ಹಾಕೋ ಆ ಸೂಳೆಮಗನಿಗೆ ನಾಲ್ಕು."

ಕರಿಯಣ್ಣ ಅಣ್ಣನ ಮಗನ ಬೆನ್ನ ಹಿಂದೆ ಬಂದು ನಿಂತ. ಕೋಲೆತ್ತಿದ. ಹೊಡೆದ. ಬ್ಲೇಡು ಜಾರಿ ಜವರಣ್ಣನ ಹೆಬ್ಬೆರಳಿಗೆ ಇಳಿಯಿತು. ಕಪ್ಪು ಉಣ್ಣೆಯ ಮೇಲೆ ರಕ್ತ ಕಾಣಲಿಲ್ಲ. ಜವರಣ್ಣ ಬೆರಳನ್ನು ಟವೆಲಿಗೆ ಒರೆಸಿ ಎರಡನೆಯ ತೂತಿಗೆ ಕೈ ಹಾಕಿದ.

"ಇನ್ನೊಂದು ಹಾಕೋ!"

ಕರಿಯಣ್ಣ ಕೋಲನ್ನು ಎತ್ತಿಯೇ ಇದ್ದ. ಕೆಂಚಮ್ಮ ಬಂದು ಗಂಡನ ಪಕ್ಕ, ಕೋಲಿನ ನೇರಕ್ಕೆ ಕೂತಳು. ಉಳಿದಿದ್ದ ತೋಳನ್ನು ತೊಡೆಯ ಮೇಲೆ ಎಳೆದುಕೊಂಡು, ಹಲ್ಲಿನಲ್ಲಿ ದಾರ ಕಚ್ಚಿ ಹರಿದಳು.

"ಬಡಿ ಮಾವ" ಎಂದಳು ತಲೆ ಎತ್ತದೆ. "ನಿಂಗೂ ಬ್ಯಾರೆ ಏನು ಗೊತ್ತೈತೆ?"

ಕರಿಯಣ್ಣ ಬಡಿಯಲಿಲ್ಲ. ಕೋಲನ್ನು ಇಳಿಸಲೂ ಇಲ್ಲ.

ದನ ಕರೆಯುವ ಹೊತ್ತು ಮೀರಿತು. ಯಾರೂ ಏಳಲಿಲ್ಲ. ಏಳನೆಯ ತೂತು ತೆರೆದ ಮೇಲೆ ಜವರಣ್ಣ ತುಂಡುಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಹರಡಿದ. ಬೆನ್ನು, ಎದೆ ಎರಡು, ತೋಳು ಎರಡು, ಕಾಲರು. ಕಿತ್ತ ಎಳೆಗಳನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಎದ್ದು ನಿಂತ. ಬೆನ್ನು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮಿಷನ್ ಇಲ್ಲೇ ಇರ್ತದೆ ಅಂದ್ರಿ."

ವೆಂಕಟರಾಮಯ್ಯ ಮೆಟ್ಟಿಲ ಮೇಲಿನ ತುಂಡುಗಳನ್ನು ಎಣಿಸುತ್ತಿದ್ದ.

"ಇರ್ಲಿ. ಹೊಲ್ಗೆ ನನ್ನ ಸಂಗಡ ಬತ್ತದೆ."

ಅವನು ಚಾವಡಿಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದ. ಮುಖ ನೋಡಲಿಲ್ಲ. ಭುಜದ ಜೋಡು, ಕಂಕುಳಿನ ಪಟ್ಟಿ, ಕಫಿನ ತುದಿ. ಹೊದ್ದ ಶಾಲನ್ನು ಒಬ್ಬ ಮುಂದಕ್ಕೆ ಎಳೆದುಕೊಂಡ. ಜವರಣ್ಣನ ಕಣ್ಣು ಪಟೇಲನ ಮೇಲೆ ನಿಂತಿತು.

"ದೇವೀರಪ್ಪಾರೆ, ನಿಮ್ಮ ಮೈಮ್ಯಾಲಿರೋ ಅಂಗಿ ನಾನು ಹೊಲ್ದಿದ್ದು. ಹೋದ ದೀಪಾವಳೀಲಿ. ಬಿಚ್ಚಿ ಕೊಡಿ. ನನ್ನ ಎಂಜ್ಲು ದಾರ ಬಿಚ್ಕಂಡು ಬಟ್ಟೆ ನಿಮ್ಗೇ ಬುಟ್ಬುಡ್ತೀನಿ."

ದೇವೀರಪ್ಪ ನಗಲು ಹೊರಟ. ಅಕ್ಕಪಕ್ಕ ನೋಡಿದ. ಜೊತೆಗೆ ನಗುವವರು ಸಿಕ್ಕಲಿಲ್ಲ. ಮೆಟ್ಟಿಲ ಕೆಳಗೆ ಜವರಣ್ಣ ಬ್ಲೇಡನ್ನು ಅಂಗೈಯಲ್ಲಿಟ್ಟುಕೊಂಡು ಕಾಯುತ್ತಿದ್ದ. ಹೆಬ್ಬೆರಳಿನಿಂದ ಹನಿ ಬೀಳುತ್ತಿತ್ತು. ಪಟೇಲನ ಕೈ ಮೆಲ್ಲಗೆ ಕುತ್ತಿಗೆಯ ಗುಂಡಿಯವರೆಗೆ ಹೋಗಿ, ಅಲ್ಲೇ ನಿಂತಿತು.