ಮಣಿಗೆ ಹಸಿರು ಬಾವುಟ

ಮೂವತ್ತಾರು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಪಂಢರಿನಾಥರಾಯರು, ಮನೆ ಖಾಲಿ ಮಾಡಿ ದೆಹಲಿಯ ಮಗಳ ಮನೆಗೆ ವಿಮಾನದಲ್ಲಿ ಹೊರಟಿದ್ದು ತಾಂಬರಂನ ಹಳೆಯ ಸಹೋದ್ಯೋಗಿಗಳಿಗೆ ಅಷ್ಟಾಗಿ ರುಚಿಸಲಿಲ್ಲ. ವಿಮಾನಕ್ಕೆ ಕಾರಣ ಸರಳವಾಗಿತ್ತು. ರೈಲಿನಲ್ಲಿ ನಾಯಿಗೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೇ ಗತಿ. ಆ ಪೆಟ್ಟಿಗೆಯ ಪಕ್ಕ ಮೂವತ್ತಾರು ವರ್ಷ ಕೂತಿದ್ದವರು, ತಮ್ಮ ಮಣಿಯನ್ನು ಅದರೊಳಗೆ ಹಾಕುವುದಿಲ್ಲ ಎಂದರು. ಹೆಂಡತಿ ಚಂದ್ರಮತಿಯೂ ಒಪ್ಪಿದರು.

ಮಣಿ, ಕುಕ್ಕರ್ ಕೂಗಿದರೂ ಮಂಚದಡಿ ಸೇರುವ ನಾಯಿ. ನಿದ್ದೆಮಾತ್ರೆ ಕೊಡಲೇಬಾರದು, ಪ್ರಯಾಣದ ಗೂಡನ್ನು ಎರಡು ತಿಂಗಳು ಮೊದಲೇ ತಂದು ರೂಢಿ ಮಾಡಿಸಿ ಎಂದರು ಪಶುವೈದ್ಯರು.

ರಾಯರು ತಮಗೆ ಗೊತ್ತಿದ್ದ ರೀತಿಯಲ್ಲಿ ರೂಢಿ ಮಾಡಿಸಿದರು. ಮಣಿ ಗೂಡು ಹೊಕ್ಕಮೇಲೆ ಚಿಲಕ ಹಾಕುವುದು, ಹಳೆಯ ಹಸಿರು ಬಾವುಟ ಬೀಸುವುದು, ವರಾಂಡಕ್ಕೆ ಹೋಗಿ ನಿಲ್ಲುವುದು. ಮೊದಲು ಒಂದು ನಿಮಿಷ, ಕೊನೆಗೆ ಮೂರು ಗಂಟೆ. ಪ್ರತಿ ಸಲವೂ ವಾಪಸ್ಸು ಬರುವುದು. ಬಾವುಟ ಕಂಡರೆ ಮಣಿ ತಾನೇ ಮಲಗತೊಡಗಿತು.

“ನಾಯಿಗೆ ಹಸಿರು ಬಣ್ಣ ಸರಿಯಾಗಿ ಕಾಣೋದೇ ಇಲ್ವಂತೆ ರೀ, ಡಾಕ್ಟ್ರು ಹೇಳಿದ್ರು.”

“ಬೀಸೋದು ಕಾಣುತ್ತಲ್ಲ.”

ಹೊರಡುವ ದಿನ ಬಾವುಟ ಇರಲಿಲ್ಲ. ಅದು ಹಿಂದಿನ ದಿನವೇ ಸಾಮಾನಿನ ಲಾರಿಯಲ್ಲಿ ಹೋಗಿತ್ತು. ಜಮಖಾನದೊಳಗೆ ಜೋಪಾನವಾಗಿ ಸುತ್ತಿಟ್ಟವರು ರಾಯರೇ.

ವಿಮಾನ ನಿಲ್ದಾಣದಲ್ಲಿ ಮಣಿ ಗೂಡು ಅದುರುವಂತೆ ಬೊಗಳಿತು. ಹತ್ತು ನಿಮಿಷದಲ್ಲಿ ಸುಮ್ಮನಾಗದಿದ್ದರೆ ಹತ್ತಿಸುವುದಿಲ್ಲ ಎಂದ ಅಧಿಕಾರಿ. ರಾಯರು ಬಿಳಿ ಕರವಸ್ತ್ರ ಬೀಸಿದರು. ಬೊಗಳುವುದು ಹೆಚ್ಚಾಯಿತು.

“ಚಂದ್ರಾ, ನೀನು ಹೋಗು. ನಾನೂ ಮಣಿಯೂ ಇಲ್ಲೇ ಇರ್ತೀವಿ.”

“ಎಲ್ಲಿ ಇರ್ತೀರಿ? ಮನೆ ಕೀ ಕೊಟ್ಟಾಯ್ತು.”

“ಸ್ಟೇಷನ್ನಲ್ಲಿ.”

ಅವರು ಹಾಗೆ ಮಾಡಬಲ್ಲವರೆಂದು ಚಂದ್ರಮತಿಗೆ ಗೊತ್ತಿತ್ತು. ಗೂಡು ಎತ್ತಲು ಬಂದಿದ್ದ ಬಾಬು ಎಂಬ ಲೋಡರ್ ಏನೆಂದು ವಿಚಾರಿಸಿದ. ಆಕೆ ತಮಿಳು ಕನ್ನಡ ಬೆರೆಸಿ ಬಾವುಟದ ಕಥೆ ಹೇಳಿದರು. ಅವನು ನಗಲಿಲ್ಲ. ಅದನ್ನು ಆಕೆ ಗಮನಿಸಿದರು. ಬಾಬು ತಾನು ತೊಟ್ಟಿದ್ದ ಹಸಿರು ಮೇಲಂಗಿ ಬಿಚ್ಚಿ ರಾಯರ ಕೈಗಿಟ್ಟ.

“ಪಚ್ಚೆ ದಾನೇ ಸಾರ್? ಇದು ಆಗುಮಾ ಪಾರುಂಗೊ.” ಹಸಿರೇ ತಾನೇ, ಇದು ಆಗುತ್ತಾ ನೋಡಿ ಎಂದ.

ರಾಯರು ಬೆನ್ನು ನೆಟ್ಟಗೆ ಮಾಡಿ, ಮೇಲಂಗಿಯನ್ನು ಎರಡು ಸಲ ನಿಧಾನವಾಗಿ ಬೀಸಿದರು. ಮಣಿ ಅದನ್ನು ನೋಡಿತು. ಮೂರು ಸುತ್ತು ಸುತ್ತಿ ಮಲಗಿತು. ಅಧಿಕಾರಿ ಕಾಗದಕ್ಕೆ ಸಹಿ ಹಾಕಿದ. ಬಾಬು ಮೇಲಂಗಿ ಮತ್ತೆ ತೊಟ್ಟು, ಗೂಡನ್ನು ವಿಮಾನದ ಸಾಮಾನಿನ ಕೋಣೆಗೆ ಒಯ್ದ.

ವಿಮಾನದೊಳಗೆ ರಾಯರು ಕಿಟಕಿಯಿಂದ ಮುಖ ತೆಗೆಯಲಿಲ್ಲ. “ಒಳಗೆ ಎದ್ದಿದ್ರೆ? ಅಲ್ಲಿ ಬಾವುಟ ತೋರಿಸೋರು ಯಾರು?”

ಅಷ್ಟರಲ್ಲಿ ಸಾಮಾನಿನ ಬಾಗಿಲು ಮುಚ್ಚಿ ಬಾಬು ಬಿಸಿಲಿಗೆ ಬಂದ. ಕಿಟಕಿಗಳನ್ನು ಹುಡುಕಿ, ಎರಡು ಅಂಗೈ ಜೋಡಿಸಿ ಕೆನ್ನೆಗಿಟ್ಟು ತೋರಿಸಿದ. ಆಮೇಲೆ ಮೇಲಂಗಿ ಬಿಚ್ಚಿ ಎರಡು ಸಲ ಬೀಸಿದ.

ರಾಯರು ರೈಲ್ವೆ ನಿಯಮದಂತೆ ಕೈ ಎತ್ತಿದರು.

“ಸಿಗ್ನಲ್ ಬಂತು,” ಎಂದು ಹೆಂಡತಿಗೆ ಹೇಳಿ ಬೆಲ್ಟು ಕಟ್ಟಿಕೊಂಡರು.